ಉಸಿರುಗಾಜು

ಬಂದವರು ಬಾಗಿಲ ಚೌಕಟ್ಟಿಗೆ ಅಂಟಿಸಿದ ಅಂಗೈಯಗಲದ ಗಾಜಿಗೆ ಒಮ್ಮೆ ಉಸಿರು ಬಿಡಬೇಕು. ಗಾಜು ಮಬ್ಬಾಗುತ್ತದೆ. ಆ ಮಬ್ಬು ಕರಗುವಷ್ಟರಲ್ಲಿ ಅಂಚಿನಲ್ಲಿ ಹಸಿರೋ ಕೆಂಪೋ ಬೆಳಕು ಮೂಡುತ್ತದೆ. ಹಸಿರಾದರೆ ಬೀಗ ತಾನೇ ತೆರೆದುಕೊಳ್ಳುತ್ತದೆ. ದೇಹ ದಿಗಿಲುಗೊಂಡಾಗ ಉಸಿರಿನಲ್ಲಿ ಕೆಲವು ರಾಸಾಯನಿಕಗಳು ಅತ್ಯಲ್ಪ ಪ್ರಮಾಣದಲ್ಲಿ ಹೆಚ್ಚುತ್ತವೆ. ಗಾಜಿನ ಮೇಲಿನ ಲೇಪ ಅವನ್ನು ಹಿಡಿಯುತ್ತದೆ. ಕೇಡು ಬಗೆದು ಬಂದವನ ಮುಖ ನಗಬಹುದು, ಉಸಿರು ನಗಲಾರದು ಎಂಬುದು ಕಂಪನಿಯ ಜಾಹೀರಾತು.

ಬಾದಾಮಿಯ ಇಂದುಮತಿ ಬಾಳಿಕಾಯಿ ಮಗ್ಗದ ಕೋಣೆಯನ್ನು ಪ್ರವಾಸಿಗರ ವಾಸಕ್ಕೆ ಬಿಟ್ಟುಕೊಡಲು ಧೈರ್ಯ ಮಾಡಿದ್ದೇ ಈ ಗಾಜನ್ನು ನಂಬಿ. ಒಂಟಿ ಹೆಂಗಸು; ಬರುವವರೆಲ್ಲ ಗುರುತಿಲ್ಲದವರು. ಗಾಜಿನ ಒಂದು ನಿಯಮ ಮಾತ್ರ ಅವಳಿಗೆ ಇರುಸುಮುರುಸು ತಂದಿತ್ತು. ಆ ಸೀಮೆಯಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು; ಮಾತೆಲ್ಲ ಆಮೇಲೆ. ಆದರೆ ಬಾಯಿಗೆ ಏನು ಬಿದ್ದರೂ ಗಾಜಿನ ಅಳತೆ ತಪ್ಪುವುದರಿಂದ, ಬೆಳಕು ಮೂಡುವವರೆಗೆ ಒಂದು ಗುಟುಕು ನೀರೂ ಕೊಡಕೂಡದು.

ಬೇಸಿಗೆಯ ಒಂದು ಮಧ್ಯಾಹ್ನ ರಾಯಚೂರು ಕಡೆಯ ಯಂಕೋಬ ಎಂಬಾತ ಬಂದ. ಕೋಣೆಯನ್ನು ಮೊದಲೇ ಕಾದಿರಿಸಿದ್ದ. ಅಂಗಿ ಬೆವರಿಗೆ ಮೈಗಂಟಿತ್ತು.

“ಅಕ್ಕಾರ, ಮೊದಲ ಒಂದೀಟು ನೀರು ಕೊಡ್ರಿ.”

“ಕೊಡ್ತೀನ್ರಿ. ಗಾಜಿಗೆ ಉಸುರು ಬಿಡ್ರಿ, ಆಮ್ಯಾಲ,” ಎಂದಳು ಇಂದುಮತಿ, ಕಿಟಕಿಯ ಸರಳುಗಳ ಹಿಂದಿನಿಂದ.

ಕೆಂಪು ಮೂಡಿತು.

“ನನ್ನ ಹೆಂಡ್ತೀನೂ ಹಿಂಗರಿ, ಒಂದಿನಾನೂ ಹಸಿರು ತೋರ್ಸಲಿಲ್ಲ,” ಎಂದು ಯಂಕೋಬ ನಗಲು ನೋಡಿದ. “ನೀರರ ಕೊಡ್ರಿ, ಹೋಗ್ತೀನಿ.”

ಕೆಂಪು ಮೂಡಿದವರ ಜತೆ ಮಾತು ಬೆಳೆಸಬಾರದೆಂಬುದೂ ನಿಯಮ. ಅವಳು ಕಿಟಕಿ ಮುಚ್ಚಿದಳು. ಒಂದು ಮನೆಯಲ್ಲಿ ಮೂಡಿದ ಕೆಂಪು ಊರಿನ ಎಲ್ಲ ಗಾಜುಗಳಿಗೂ ಆ ಕ್ಷಣವೇ ತಲುಪುತ್ತದೆ. ಹಾಗಾಗಿ ಅವನಿಗೆ ಯಾವ ಬಾಗಿಲೂ ತೆರೆಯಲಿಲ್ಲ. ಸಂಜೆ ಹೊಂಡದ ದಂಡೆಯ ಬೇವಿನ ಮರದಡಿ ಅವನ ಹೆಣ ಸಿಕ್ಕಿತು. ಹೃದಯಾಘಾತ ಮಧ್ಯಾಹ್ನದಿಂದಲೇ ಶುರುವಾಗಿತ್ತು ಎಂದರು ವೈದ್ಯರು.

ಇಂದುಮತಿ ಕಂಪನಿಗೆ ಬಿಡದೆ ಫೋನು ಮಾಡಿದ್ದಕ್ಕೆ, ಗಾಜಿನ ಲೇಪ ಕಂಡುಹಿಡಿದ ಡಾ. ಮೃದುಲಾ ಅಂಗಡಿ ಅವರೇ ಧಾರವಾಡದಿಂದ ಬಂದರು.

“ನಂಗ ಒಂದ ಹೇಳ್ರಿ ಡಾಕ್ಟರ್. ಅಂವ ಕೆಟ್ಟಾಂವ ಇದ್ನೋ, ಒಳ್ಳ್ಯಾಂವ ಇದ್ನೋ?”

“ಅದು ಗಾಜಿಗೆ ತಿಳಿಯಂಗಿಲ್ರಿ. ಕಳ್ಳಗ ಸಿಕ್ಕಿಬೀಳ್ತೀನಂತ ದಿಗಿಲು, ಎದಿನೋವು ಬಂದಾಂವಗ ಸಾಯ್ತೀನಂತ ದಿಗಿಲು. ಮೈಯೊಳಗ ಎರಡೂ ಒಂದ.”

“ಹಂಗಾದ್ರ ಇದನ್ನ ಯಾಕ ಮಾಡಿದ್ರಿ?”

“ನಾ ಮಾಡಿದ್ದು ದವಾಖಾನಿಗೆ. ಮಾತಾಡಲಾರದ ರೋಗಿಗೆ ಎಷ್ಟು ಸಂಕಟ ಆಗೇತಿ ಅಂತ ತಿಳೀಲಿ ಅಂತ. ಬಾಗಲಾ ಕಾಯಾಕ ಹಚ್ಚಿದ್ದು ಕಂಪನಿ.” ಮೃದುಲಾ ಕಿಟಕಿಯ ಸರಳುಗಳತ್ತ ನೋಡಿದರು. “ನೀವು ಅವನ ಮುಖಾ ನೋಡಿದ್ರ್ಯಾ?”

ಇಂದುಮತಿ ಬಾಗಿಲ ಚೌಕಟ್ಟಿನ ಕಡೆ ತಿರುಗಿದಳು. “ಗಾಜು ನೋಡಿದ್ನಿರಿ,” ಎಂದಳು.

ಮರುವಾರ ಅತಿಥಿಮನೆಗಳ ಸಂಘದ ಅಧ್ಯಕ್ಷ ಗುರಪ್ಪ ಹೂವಿನ ಹಾರ ಹಿಡಿದುಕೊಂಡೇ ಬಂದ. “ಭಾರಿ ಪಾರಾದ್ರಿ ನೋಡ್ರಿ ತಂಗ್ಯಾರ! ನಿಮ್ಮ ಮನ್ಯಾಗ ಸತ್ತಿದ್ರ ಪೊಲೀಸರು, ಪಂಚನಾಮಿ... ಮುಂದ ಯಾರು ಬರ್ತಿದ್ರು ಆ ಕೋಣಿಗೆ?”

ಕಂಪನಿಯೂ ಅದೇ ದನಿಯಲ್ಲಿ ಮಾತಾಡಿತು. ಉಸಿರುಗಾಜು ಇನ್ನು ಮುಂದೆ ದುಷ್ಟರನ್ನಷ್ಟೇ ಅಲ್ಲ, ಮನೆಯಲ್ಲಿ ಕಾಯಿಲೆ ಬೀಳಬಹುದಾದವರನ್ನೂ ಹೊರಗೇ ತಡೆಯುತ್ತದೆ ಎಂದು ಸಾರಿತು. ಮೃದುಲಾ ಬರೆದ ಆಕ್ಷೇಪಣೆಗೆ ಉತ್ತರ ಬರಲಿಲ್ಲ. ಲೇಪದ ಹಕ್ಕು ಅವರ ಕೈಯಲ್ಲಿರಲಿಲ್ಲ. ಗಾಜು ಇನ್ನಷ್ಟು ಬಾಗಿಲುಗಳನ್ನು ಏರಿತು. ಬಸುರಿಯರು, ಸತ್ತವರ ಮಣ್ಣಿಗೆ ಹೋಗಿ ಬಂದವರು, ಕೆಲಸ ಕಳೆದುಕೊಂಡವರು ಬಸ್ ನಿಲ್ದಾಣದಲ್ಲಿ ಮಲಗುವುದು ಮಾಮೂಲಾಯಿತು.

ಇಂದುಮತಿ ತನ್ನ ಗಾಜನ್ನು ಕಿತ್ತು ಹಾಕಿದಳು. ಅಂದಿನಿಂದ ಅವಳ ಕೋಣೆಯನ್ನು ಕೇಳುವವರೇ ಇಲ್ಲವಾದರು. ಮಳೆಗಾಲ ಕಳೆದ ಮೇಲೆ, ಬೆನ್ನಿಗೆ ಚೀಲ ಹಾಕಿದ್ದ ಒಬ್ಬ ಹುಡುಗಿ ಬಾಗಿಲಲ್ಲಿ ನಿಂತಳು. ಅವಳ ಕಣ್ಣು ಚೌಕಟ್ಟನ್ನು ಹುಡುಕಿತು.

“ಗಾಜು ಇಲ್ವಾ ಆಂಟಿ?”

“ಇಲ್ಲವ್ವ. ಬಿಸಿಲಾಗ ಬಂದಿ, ಒಳಗ ಬಾ.”

ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಚೀಲದಿಂದ ಬೆಂಕಿಪೊಟ್ಟಣದಷ್ಟು ಚಿಕ್ಕ ಗಾಜೊಂದನ್ನು ತೆಗೆದು, ತೋಳು ನೀಳವಾಗಿ ಚಾಚಿ ಇಂದುಮತಿಯ ಮುಖಕ್ಕೆ ಹಿಡಿದಳು. “ಬೇಜಾರು ಮಾಡ್ಕೋಬೇಡಿ. ಒಂದ್ಸಲ ಉಸಿರು ಬಿಡ್ತೀರಾ?”

ಗಾಜು ಬರುವ ಮೊದಲೂ ಜನ ಗುರುತಿಲ್ಲದವರಿಗೆ ಹೆದರುತ್ತಿದ್ದರು. ಯಾವೂರು, ಯಾರ ಪೈಕಿ, ಯಾಕೆ ಬಂದೆ ಎಂದು ಕೆದಕುತ್ತಿದ್ದರು. ಆ ಪ್ರಶ್ನೆಗಳಲ್ಲಿ ವಿಷವೂ ಇರುತ್ತಿತ್ತು. ಆದರೆ ಎದುರಿಗೆ ನಿಂತವರಿಗೆ ಉತ್ತರ ಹೇಳಲು ಬಾಯಿ ಇತ್ತು.

ಇಂದುಮತಿ ಉಸಿರು ಬಿಟ್ಟಳು. ಬೇಸಿಗೆಯಿಂದ ನೆಟ್ಟಗೆ ನಿದ್ದೆ ಕಾಣದವಳ ಉಸಿರು. ಮಬ್ಬು ಕರಗಿತು.

“ನಾ ಹೇಳ್ತೀನಿ ಕೇಳವ್ವ...” ಎನ್ನುವಷ್ಟರಲ್ಲಿ ಹುಡುಗಿ ಓಣಿಯ ತಿರುವು ದಾಟಿದ್ದಳು.