ಮಣಿನಗರದ ಎಂಟು ಪಿನ್ನುಗಳು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ, ಮಕ್ಕಳೇ. ಈ ಕತೆಯಲ್ಲಿ ಒಂದು ದೊಡ್ಡ ಕಾಯಿಲೆ ಬರುತ್ತದೆ. ಅದರ ಬಗ್ಗೆ ಮಾತಾಡುವಷ್ಟು ಓದು ನನಗಿಲ್ಲ. ಎಲ್ಲಾದರೂ ತಪ್ಪು ಹೇಳಿದರೆ ತಿಳಿದವರು ತಿದ್ದಬೇಕು. ಆದರೆ ಆ ಭಾನುವಾರ ಇಂದುಮತಿಯ ಗೋಳಿಬಜೆ ಡಬ್ಬಿ ಯಾಕೆ ಖಾಲಿಯಾಗಲಿಲ್ಲ ಎಂಬುದನ್ನು ಹೇಳದೆ ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ.

"ಯಾರಿಗೂ ಬೇಡವಾ?" ಇಂದುಮತಿ ಡಬ್ಬಿಯ ಮುಚ್ಚಳ ತೆಗೆದು ಎರಡನೇ ಸಲ ಕೇಳಿದಳು. "ಇನ್ನೂ ಬಿಸಿ ಉಂಟು. ಚಟ್ನಿಯೂ ಉಂಟು."

ಯಾರೂ ಕೈ ಚಾಚಲಿಲ್ಲ.

ಅಹಮದಾಬಾದಿನ ನವರಂಗಪುರದಲ್ಲಿ ಮೀರಾಳ ಮನೆ. ಅವಳ ಅಮ್ಮ ಹೇಮಲತಾ ಪ್ರತಿ ಭಾನುವಾರ ಐದಾರು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಶಾಲೆಯಲ್ಲಿ ಗುಜರಾತಿ, ಬೀದಿಯಲ್ಲಿ ಹಿಂದಿ ಮಾತಾಡುತ್ತಾ ಮಕ್ಕಳು ಮನೆಮಾತನ್ನೇ ಮರೆಯುತ್ತಿದ್ದಾರೆ ಎಂದು ಅವರಿಗೆ ಚಿಂತೆ. ಪಾಠ ಮುಗಿದ ಕೂಡಲೇ ಎಲ್ಲರೂ ಇಂದುವಿನ ಡಬ್ಬಿಗೆ ಮುಗಿಬೀಳುವುದು ವಾಡಿಕೆ. ಇಂದುವಿನ ಅಪ್ಪ ನಾರಾಯಣ ರಾಯರಿಗೆ ಅದೇ ಊರಿನಲ್ಲಿ, ನದಿಯಾಚೆಯ ಮಣಿನಗರ ಸ್ಟೇಷನ್ನಿನ ಎದುರು ಉಡುಪಿ ಹೋಟೆಲ್ ಇತ್ತು.

"ಇವತ್ತು ಬೇಡಮ್ಮ, ಎಲ್ಲರ ಹೊಟ್ಟೆಯೂ ತುಂಬಿದೆ," ಎಂದು ಹೇಮಲತಾ ಮಾಮಿ ಡಬ್ಬಿಯನ್ನು ತಾವೇ ಮುಚ್ಚಿದರು. ಇಂದುವಿನ ಮುಖ ನೋಡಲಿಲ್ಲ.

ಮೀರಾ ಇಂದುವಿನ ಕೈ ಹಿಡಿದು ಒಳಕೋಣೆಗೆ ಎಳೆದುಕೊಂಡು ಹೋದಳು. "ನಾನು ಹೇಳಿದೆ ಅಂತ ಯಾರಿಗೂ ಹೇಳ್ಬೇಡ ಕಣೇ. ಗಾಡ್ ಪ್ರಾಮಿಸ್?"

"ಪ್ರಾಮಿಸ್. ಎಂತದು?"

ಗೋಡೆಯ ಮೇಲೆ ಗುಜರಾತಿನ ದೊಡ್ಡ ನಕ್ಷೆ ಇತ್ತು. ಅದರ ತುಂಬ ಕೆಂಪು ತಲೆಯ ಪಿನ್ನುಗಳು. ವಡೋದರಾ ಹತ್ತಿರ ಒಂದು, ಸೂರತ್ ಹತ್ತಿರ ಎರಡು, ಹೀಗೆ ದೂರ ದೂರ. ಆದರೆ ಮಣಿನಗರದಲ್ಲಿ ಮಾತ್ರ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಒಂದೇ ಕಡೆ ಗುಂಪಾಗಿದ್ದವು. ಪಕ್ಕದಲ್ಲಿ ಒಂದು ಚೀಟಿ ಅಂಟಿಸಿತ್ತು. ಇಂದು ಓದಿದಳು: 'ಉಡುಪಿ ಹೋಟೆಲ್, ಸ್ಟೇಷನ್ ಎದುರು – ಎಂಟು.'

"ಇದು ನಮ್ಮ ಹೋಟ್ಲು!"

"ಹೂಂ. ಒಂದೊಂದು ಪಿನ್ನು ಒಬ್ಬೊಬ್ಬ ಪೇಷಂಟು. ಲಿಂಫೋಮಾ ಅಂತ ಕಾಯಿಲೆ. ಕುತ್ತಿಗೆಯಲ್ಲಿ, ಕಂಕುಳಲ್ಲಿ ಗಂಟು ಬರುತ್ತೆ. ಅದೂ ಒಂಥರಾ ಕ್ಯಾನ್ಸರ್ ಅಂತೆ. ಯಾರಿಗೆ, ಯಾವ ಊರಲ್ಲಿ ಬರುತ್ತೆ ಅಂತ ಅಣ್ಣ ಆಸ್ಪತ್ರೆಯ ಕಾರ್ಡು ನೋಡಿ ಗುರುತು ಹಾಕ್ತಿದ್ದಾರೆ." ಮೀರಾ ತನ್ನ ಅಪ್ಪನನ್ನೇ ಅಣ್ಣ ಎಂದು ಕರೆಯುತ್ತಿದ್ದಳು. ಅವಳ ಅಪ್ಪ ಪಟ್ಟಾಭಿರಾಮರು ಒಂದು ಸಂಶೋಧನಾ ಸಂಸ್ಥೆಯಲ್ಲಿ ಅಂಕಿಅಂಶದ ಕೆಲಸದಲ್ಲಿದ್ದರು.

"ನಮ್ಮ ಹೋಟ್ಲಲ್ಲಿ ಯಾರಿಗೂ ಕಾಯಿಲೆ ಇಲ್ಲ," ಎಂದಳು ಇಂದು.

"ಕಾರ್ಡಲ್ಲಿ ಹಾಗಿದೆಯಲ್ಲ! ನಿಮ್ಮ ನೀರಲ್ಲೋ ಎಣ್ಣೆಯಲ್ಲೋ ಏನೋ ಇರಬಹುದು ಅಂತ ಅಣ್ಣ ಅಮ್ಮನ ಹತ್ರ ಹೇಳ್ತಿದ್ರು. ನಾಳೆ ಸೋಮವಾರ ಅಲ್ಲ, ಅದರಾಚೆ ಸೋಮವಾರ ರಿಪೋರ್ಟ್ ಕೊಡ್ತಾರೆ. ಆಮೇಲೆ ಹೋಟ್ಲು ಬಂದ್ ಮಾಡಿಸ್ತಾರೋ ಏನೋ." ಮೀರಾಳ ಕಣ್ಣಲ್ಲಿ ನೀರು ಬಂತು. "ನಂಗೆ ಗೋಳಿಬಜೆ ತಿನ್ನೋಕೆ ಆಸೆ ಇತ್ತು ಕಣೇ. ಅಮ್ಮ ಬಿಡಲಿಲ್ಲ."

ಇಂದುವನ್ನು ಕರೆದುಕೊಂಡು ಹೋಗಲು ಅವಳ ಅಮ್ಮ ಯಶೋದಾ ಬಂದರು. ಬಸ್ಸಿನಲ್ಲಿ ಡಬ್ಬಿ ಎತ್ತಿ ನೋಡಿ, "ಇದೆಂತ, ಭಾರ ಉಂಟಲ್ಲ?" ಎಂದರು.

"ಅವರಿಗೆ ಹೊಟ್ಟೆ ತುಂಬಿತ್ತಂತೆ."

ಬಸ್ಸು ಸಾಬರಮತಿಯ ಸೇತುವೆ ದಾಟುವಾಗ ಇಂದು ಮೆಲ್ಲನೆ ತನ್ನ ಕುತ್ತಿಗೆಯನ್ನು ಮುಟ್ಟಿ ನೋಡಿಕೊಂಡಳು. ಎಡಗಡೆ ಏನೋ ಗಟ್ಟಿಯಾಗಿ ಸಿಕ್ಕಿತು. ಬಲಗಡೆಯೂ ಅಷ್ಟೇ ಗಟ್ಟಿ ಇತ್ತು. ಅಮ್ಮನ ಕುತ್ತಿಗೆಯನ್ನೂ ಮುಟ್ಟಿದಳು.

"ಎಂತದೇ ಅದು, ಕಚಗುಳಿ!" ಅಮ್ಮ ನಕ್ಕರು.

ಸೋಮವಾರದಿಂದ ಇಂದು ಹೋಟೆಲನ್ನು ಹೊಸದಾಗಿ ನೋಡತೊಡಗಿದಳು. ನೀರಿನ ತೊಟ್ಟಿಗೆ ಬಗ್ಗಿ ನೋಡಿದಳು. ಅದರಲ್ಲಿ ಅವಳ ಮುಖವೇ ಕಂಡಿತು. ಎಣ್ಣೆಯ ಡಬ್ಬ ಮೂಸಿದಳು, ತೆಂಗಿನಕಾಯಿ ಮೂಸಿದಳು. ಸಾಂಬಾರಿನ ದೊಡ್ಡ ಪಾತ್ರೆಯ ಮೇಲೆ ಬಗ್ಗಿದಾಗ ಅಪ್ಪ ಹಿಂದಿನಿಂದ ಅವಳ ಜಡೆ ಹಿಡಿದರು.

"ಎಂತ ಮಾರಾಯ್ತಿ, ಒಳಗೆ ಬೀಳುವ ಅಂದಾಜುಂಟಾ? ನುಗ್ಗೆಕಾಯಿ ಹಾಕಿ ಆಗಿದೆ, ನೀನು ಬೇಡ."

ಗಿರಾಕಿಗಳು ನಕ್ಕರು. ಇಂದುವಿಗೆ ನಗು ಬರಲಿಲ್ಲ. ಇಷ್ಟು ಜನ ದಿನಾ ತಿನ್ನುತ್ತಾರೆ, ಯಾರಿಗೂ ಏನೂ ಆಗಿಲ್ಲ. ಹಾಗಾದರೆ ಪಟ್ಟಾಭಿರಾಮ ಮಾಮನ ಕಾರ್ಡು ಸುಳ್ಳಾ? ಆಸ್ಪತ್ರೆಯ ಕಾರ್ಡು ಸುಳ್ಳು ಹೇಳುತ್ತದಾ? ಅಥವಾ ಅಪ್ಪನಿಗೇ ಗೊತ್ತಿಲ್ಲದೆ ಏನೋ ಆಗುತ್ತಿದೆಯಾ? ಅಪ್ಪನನ್ನು ಕೇಳೋಣ ಎಂದರೆ ಮೀರಾಳಿಗೆ ಪ್ರಾಮಿಸ್ ಮಾಡಿಯಾಗಿದೆ. ಮಂಗಳವಾರ ಅವಳು ದೋಸೆ ಬೇಡ ಎಂದಳು. ಬುಧವಾರ ಇಡ್ಲಿಯೂ ಬೇಡ ಎಂದಳು. ಬಾಳೆಹಣ್ಣು ಮಾತ್ರ ತಿಂದಳು, ಅದಕ್ಕೆ ಸಿಪ್ಪೆ ಇರುತ್ತದಲ್ಲ.

ಗುರುವಾರ ಬೆಳಿಗ್ಗೆ ಪೋಸ್ಟ್‌ಮ್ಯಾನ್ ಬಂದು ಮೂರು ಪೋಸ್ಟ್‌ಕಾರ್ಡು ಕೊಟ್ಟು ಹೋದ. ಅಪ್ಪ ಅವನ್ನು ಗಲ್ಲಾದ ಹಿಂದಿನ ಹಳೆಯ ಬಿಸ್ಕತ್ತಿನ ಡಬ್ಬದಲ್ಲಿ ಹಾಕಿದರು. ಇಂದು ಹುಟ್ಟಿದಾಗಿನಿಂದ ನೋಡಿದ ಡಬ್ಬ ಅದು. ಅದರಲ್ಲಿ ಏನಿದೆ ಎಂದು ಅವಳು ಯಾವತ್ತೂ ಯೋಚಿಸಿರಲಿಲ್ಲ.

ಅಷ್ಟರಲ್ಲಿ ಪ್ಯಾಸೆಂಜರ್ ಗಾಡಿ ಬಂತು. ಹಸಿರು ಸೀರೆಯ ಒಬ್ಬ ಹೆಂಗಸು ಒಬ್ಬ ಹುಡುಗನ ಕೈ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ಅಷ್ಟು ಸೆಕೆಯಲ್ಲೂ ಹುಡುಗನ ಕುತ್ತಿಗೆಗೆ ಮಫ್ಲರ್ ಸುತ್ತಿತ್ತು.

"ಶೇಠ್, ಮಾರೋ ಕಾಗಳ ಆವ್ಯೋ?" ಎಂದಳು. ನನ್ನ ಕಾಗದ ಬಂತೇ ಎಂದು ಕೇಳುತ್ತಿದ್ದಳು.

"ಬಂತು, ಬಂತು. ಬಾ ಬೆನ್, ಕೂತ್ಕೋ." ಅಪ್ಪ ತಂಗಿಯನ್ನು ಕರೆಯುವ ಹಾಗೆ ತಮ್ಮ ಗುಜರಾತಿಯಲ್ಲಿ ಮಾತಾಡುತ್ತಾ ಡಬ್ಬದಿಂದ ಹೋದ ವಾರವೇ ಬಂದಿದ್ದ ಒಂದು ಕಾರ್ಡು ತೆಗೆದು ಓದಿ ಹೇಳಿದರು. ನಾಳೆ ಒಂಬತ್ತು ಗಂಟೆಗೆ ಹುಡುಗನನ್ನು ಆಸ್ಪತ್ರೆಗೆ ಕರೆತರಬೇಕು. ಹೆಂಗಸು ಕಾರ್ಡನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು. ಹುಡುಗ ಇಡ್ಲಿಯನ್ನು ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿದೆ ಎಂದು ನಕ್ಕ.

ಅವರು ಹೋದ ಮೇಲೆ ಇಂದು ಗಲ್ಲಾದ ಹತ್ತಿರ ಬಂದಳು. "ಅಪ್ಪ, ಅವರ ಕಾಗದ ನಮ್ಮ ಹೋಟ್ಲಿಗೆ ಯಾಕೆ ಬರೋದು?"

"ಮತ್ತೆಲ್ಲಿಗೆ ಬರೋದು? ಅವರದ್ದು ದಾಹೋದಿನ ಆಚೆ ಹಳ್ಳಿ. ಪೋಸ್ಟಿನವ ಹೋಗುವುದು ಹದಿನೈದು ದಿನಕ್ಕೊಮ್ಮೆ. ಕಾರ್ಡು ಮುಟ್ಟುವಾಗ ಡಾಕ್ಟರು ಹೇಳಿದ ತಾರೀಕು ದಾಟಿರ್ತದೆ. ಪಾಪ, ಒಬ್ಬಳು ಇಲ್ಲೇ ಕೂತು ಅತ್ತಳು. ಆಗ ನಾನೇ ಹೇಳಿದೆ, ನಮ್ಮ ಹೋಟ್ಲಿನ ಅಡ್ರೆಸ್ ಕೊಡಿ, ಕಾರ್ಡು ಬಂದ್ರೆ ಆ ಕಡೆ ರೈಲಲ್ಲಿ ಹೋಗುವ ತರಕಾರಿಯವರ ಬಾಯಲ್ಲಿ ಸುದ್ದಿ ಕಳಿಸ್ತೇನೆ ಅಂತ. ಅವಳು ಆಸ್ಪತ್ರೆಯಲ್ಲಿ ಮತ್ತೊಬ್ಬಳಿಗೆ ಹೇಳಿದಳು. ಹಾಗೇ ಎಂಟು ಜನ ಆದ್ರು."

"ಎಂಟು?"

"ಹೂಂ, ಎಂಟು. ಯಾಕೆ, ಕಣ್ಣು ಹಾಗೆ ಬಿಡ್ತೀ?"

ಇಂದುವಿಗೆ ಪ್ರಾಮಿಸ್ ನೆನಪಾಯಿತು. ಡಬ್ಬಿ ಮುಚ್ಚಿದ ಮಾಮಿಯ ಕೈ ನೆನಪಾಯಿತು. ಆಮೇಲೆ ಅವಳು ಅಳುತ್ತಲೇ ಎಲ್ಲವನ್ನೂ ಹೇಳಿಬಿಟ್ಟಳು. ಮೀರಾಳ ಹೆಸರೊಂದನ್ನು ಬಿಟ್ಟು.

ಅಪ್ಪ ಸಿಟ್ಟಾಗುತ್ತಾರೆ ಎಂದುಕೊಂಡಿದ್ದಳು. ಅಪ್ಪ ಸ್ಟೂಲಿನ ಮೇಲೆ ಕೂತುಬಿಟ್ಟರು. "ಅವರು ಒಂದು ಮಾತು ನನ್ನನ್ನು ಕೇಳಬಹುದಿತ್ತು," ಎಂದರು. ಡಬ್ಬದ ಕಡೆ ನೋಡಿ, "ನಾನೂ ಆಸ್ಪತ್ರೆಗೆ ಒಂದು ಮಾತು ಹೇಳಬಹುದಿತ್ತು. ಅಡ್ರೆಸ್ ಅಂದ್ರೆ ಕಾಗದ ಬರುವುದಕ್ಕೆ ಅಂತ ನಾನು ತಿಳಿದದ್ದು," ಎಂದರು.

"ಆ ಎಂಟು ಜನರ ನಿಜವಾದ ಊರು ನಿಮಗೆ ಗೊತ್ತುಂಟಾ?"

"ಗೊತ್ತಿಲ್ಲದೆ? ನೋಟ್‌ಬುಕ್ ತಾ."

ಅಪ್ಪನಿಗೆ ಹೆಸರು ನೆನಪಿರುತ್ತಿರಲಿಲ್ಲ. ತಿಂದದ್ದು ನೆನಪಿರುತ್ತಿತ್ತು. "ಒಗ್ಗರಣೆ ಅವಲಕ್ಕಿ ಎರಡು ಪ್ಲೇಟ್ ತಿಂದವ, ಅವ ಉಧ್ನಾದವ. ಅವನಪ್ಪ ಅಲ್ಲಿ ಮಗ್ಗದ ಫ್ಯಾಕ್ಟರಿಯಲ್ಲಿ ಇರೋದು. ಸಾಂಬಾರಿಗೆ ಸಕ್ಕರೆ ಕೇಳಿದವಳು ವಡೋದರಾದ ಆಚೆ ಡಭೋಯಿಯವಳು. ಈಗ ಬಂದವ ದಾಹೋದ್. ಹಾಲು ಮಾತ್ರ ಕುಡಿಯುವವ ಭರೂಚ್, ನದೀ ದಡ..."

ಏಳು ಊರುಗಳಾದವು. ಎಂಟನೆಯದಕ್ಕೆ ಅಪ್ಪ ನಿಂತರು.

"ಭೀಖಾ. ಅವನ ಹೆಸರು ಮಾತ್ರ ನೆನಪುಂಟು. ಏಳು ವರ್ಷ ಇರಬಹುದು. ಪೇಪರ್ ದೋಸೆ ನೋಡಿ, ಇದರಲ್ಲಿ ಬರೆಯಲಿಕ್ಕೆ ಆಗ್ತದಾ ಅಂತ ಕೇಳಿದ್ದ. ಅವರದ್ದು ಇಟ್ಟಿಗೆ ಗೂಡಿನ ಕೆಲಸ. ಇವತ್ತು ಇಲ್ಲಿ, ನಾಳೆ ಎಲ್ಲೋ. ಊರು ಯಾವುದು ಕೇಳಿದ್ರೆ ಅವನಪ್ಪ ನಕ್ಕು ಸುಮ್ಮನಾದ." ಅಪ್ಪ ಡಬ್ಬದ ತಳದಿಂದ ಎರಡು ಕಾರ್ಡು ತೆಗೆದರು. ಅಂಚು ಹಳದಿಯಾಗಿತ್ತು. "ಆಸ್ಪತ್ರೆಯವರು ಎರಡು ಸಲ ಬರೆದಿದ್ದಾರೆ. ಯಾರ ಬಾಯಲ್ಲಿ ಸುದ್ದಿ ಕಳಿಸುವುದು?"

ಭಾನುವಾರ ಅಪ್ಪನೇ ಹೋಟೆಲನ್ನು ಅಮ್ಮನಿಗೆ ಒಪ್ಪಿಸಿ ಇಂದುವಿನ ಜೊತೆ ನವರಂಗಪುರಕ್ಕೆ ಹೊರಟರು. ಗೋಳಿಬಜೆಯ ಡಬ್ಬಿಯೂ ಜೊತೆಗೆ ಬಂತು. ಬೇಡ ಎಂದು ಇಂದು ಎಷ್ಟು ಹೇಳಿದರೂ ಅಪ್ಪ ಕೇಳಲಿಲ್ಲ.

ಪಟ್ಟಾಭಿರಾಮರು ಇಂದುವಿನ ಪಟ್ಟಿಯನ್ನು ಎರಡು ಸಲ ಓದಿದರು. ಒಳಗಿನಿಂದ ಕಾರ್ಡಿನ ಕಟ್ಟು ತಂದು ಬಿಚ್ಚಿದರು. ಎಂಟು ಕಾರ್ಡಿನಲ್ಲೂ 'ಕೇರಾಫ್ ನಾರಾಯಣ ರಾವ್' ಎಂದಿತ್ತು. ಅವರ ಕಿವಿ ಕೆಂಪಾಯಿತು.

"ಕೇರಾಫ್ ಅನ್ನೋದನ್ನ ನೋಡಿದ್ದೆ. ನೋಡಿಯೂ ಬಿಟ್ಟೆ," ಎಂದರು.

ಹೇಮಲತಾ ಮಾಮಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ಮೈಸೂರಿನಿಂದ ನಮಗೆ ಬರೋ ಕಾಗದ ಎಲ್ಲಾ ನಿಮ್ಮ ಆಫೀಸಿನ ಕೇರಾಫಿಗೇ ಅಲ್ವಾ ಬರೋದು?" ಎಂದರು. "ನಾವೇನು ಆಫೀಸಿನಲ್ಲಿ ಮಲಗ್ತೀವಾ?"

ಮಾಮಿ ಬಂದು ಡಬ್ಬಿಯ ಮುಚ್ಚಳ ತೆಗೆದು, ಎಲ್ಲರಿಗಿಂತ ಮೊದಲು ತಾವೇ ಒಂದು ಗೋಳಿಬಜೆ ಬಾಯಿಗೆ ಹಾಕಿಕೊಂಡರು. "ನಾರಾಯಣ ರಾಯರೇ, ಹೋದ ವಾರ ನಾನು ಮಗುವಿಗೆ ಸುಳ್ಳು ಹೇಳಿದೆ," ಎಂದರು. ಅಪ್ಪ, "ಚಟ್ನಿ ಹಾಕ್ಕೊಳ್ಳಿ ಅಕ್ಕ, ತಣ್ಣಗಾಗ್ತದೆ," ಎಂದರು. ಚಟ್ನಿ ಯಾವಾಗಲೂ ತಣ್ಣಗೇ ಇರುತ್ತದೆ. ಆದರೂ ಯಾರೂ ನಗಲಿಲ್ಲ. ಮೀರಾ ಮಾತ್ರ ಎರಡು ಕೈಯಲ್ಲೂ ತಿನ್ನತೊಡಗಿದಳು.

ಪಟ್ಟಾಭಿರಾಮರು ಮಣಿನಗರದ ಎಂಟೂ ಪಿನ್ನುಗಳನ್ನು ಕಿತ್ತು ಇಂದುವಿನ ಅಂಗೈಯಲ್ಲಿ ಹಾಕಿದರು. "ನೀನೇ ಚುಚ್ಚು, ಪುಟ್ಟಿ."

ಉಧ್ನಾ. ಡಭೋಯಿ. ದಾಹೋದ್. ಭರೂಚ್. ಒಂದೊಂದೇ ಪಿನ್ನು ದೂರ ದೂರ ಹೋಯಿತು. ಗುಂಪು ಕರಗಿತು. ಈಗ ನಕ್ಷೆಯನ್ನು ನೋಡಿದರೆ ಯಾರೋ ಕಣ್ಣು ಮುಚ್ಚಿ ಕುಂಕುಮ ಎರಚಿದ ಹಾಗಿತ್ತು.

"ಹಾಗಾದ್ರೆ ಈ ಕಾಯಿಲೆ ಯಾಕೆ ಬರುತ್ತೆ, ಅಣ್ಣ?" ಮೀರಾ ಕೇಳಿದಳು.

"ಗೊತ್ತಿಲ್ಲ, ಮಗು. ಹೋದ ವಾರ ನನ್ನ ಹತ್ರ ಒಂದು ಉತ್ತರ ಇತ್ತು. ಈಗ ಬರೀ ಪ್ರಶ್ನೆ." ಅವರು ಕನ್ನಡಕ ತೆಗೆದು ಒರೆಸಿದರು. "ಹೊರದೇಶದ ಪುಸ್ತಕದಲ್ಲಿ ಇದರಲ್ಲಿ ಒಂದು ಬಗೆ ದೊಡ್ಡವರಿಗೇ ಹೆಚ್ಚು ಅಂತ ಬರೆದಿದ್ದಾರೆ. ನಮ್ಮ ಕಾರ್ಡಿನಲ್ಲಿ ನೋಡಿದ್ರೆ ನಿಮಗಿಂತ ಚಿಕ್ಕ ಹುಡುಗರು. ಯಾಕೆ? ಡಾಕ್ಟರಿಗೂ ಗೊತ್ತಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟೋದಿಲ್ಲ ಅನ್ನೋದಷ್ಟು ಹೇಳ್ತಾರೆ. ನಾಳೆ ನಾನು ರಿಪೋರ್ಟ್ ಕೊಡೋದಿಲ್ಲ. ಎಲ್ಲಾ ಕಾರ್ಡನ್ನೂ ಮೊದಲಿಂದ ನೋಡ್ಬೇಕು."

ಇಂದುವಿನ ಅಂಗೈಯಲ್ಲಿ ಒಂದು ಪಿನ್ನು ಉಳಿದಿತ್ತು.

"ಮಾಮ, ಇದು ಭೀಖಾನದ್ದು. ಅವನಿಗೆ ಊರಿಲ್ಲ."

ಪಟ್ಟಾಭಿರಾಮರು ನಕ್ಷೆಯ ಮೇಲೆ ಬೆರಳಾಡಿಸಿದರು. ಇಟ್ಟಿಗೆ ಗೂಡುಗಳು ಎಲ್ಲ ಕಡೆಯೂ ಇದ್ದವು. ಆಮೇಲೆ ಬೆರಳು ಹಿಂದಕ್ಕೆ ತೆಗೆದುಕೊಂಡರು. "ಅಂದಾಜಿನ ಮೇಲೆ ಚುಚ್ಚೋದು ಬೇಡ. ನಿನ್ನ ಹತ್ರ ಇರಲಿ. ಅವನು ಬಂದಾಗ ಕೇಳಿ ಹೇಳು."

ಹೋಟೆಲಿಗೆ ಮರಳಿದ ಮೇಲೆ ಇಂದು ಬಿಸ್ಕತ್ತಿನ ಡಬ್ಬ ತೆರೆದಳು. ಭೀಖಾನ ಎರಡು ಕಾರ್ಡುಗಳನ್ನೂ ಜೋಡಿಸಿ ಆ ಕೆಂಪು ಪಿನ್ನಿನಿಂದ ಚುಚ್ಚಿದಳು. ತಳದಲ್ಲಿದ್ದವನ್ನು ಎಲ್ಲಕ್ಕಿಂತ ಮೇಲೆ ಇಟ್ಟಳು. ಬಂದ ಕೂಡಲೇ ಸಿಗಬೇಕಲ್ಲ.

ಆಮೇಲೆ ಅಡುಗೆಮನೆಗೆ ಹೋಗಿ, "ಅಪ್ಪ, ನಂಗೊಂದು ಪೇಪರ್ ದೋಸೆ," ಎಂದಳು. ಎದುರಿಗೆ ಬಂದ ದೋಸೆಯನ್ನು ಅವಳು ತುಂಬ ಹೊತ್ತು ಮುರಿಯಲಿಲ್ಲ. ಹೊರಗೆ ಪ್ಯಾಸೆಂಜರ್ ಗಾಡಿ ಬಂದು ನಿಂತ ಸದ್ದಾಯಿತು. ಅವಳು ಬಾಗಿಲ ಕಡೆ ನೋಡಿದಳು. ಜನ ಇಳಿದು ಬರುತ್ತಿದ್ದರು. ಎಲ್ಲರಿಗೂ ಒಂದೊಂದು ಊರಿರಬೇಕು, ಕೇಳಿದರೆ ಮಾತ್ರ ತಿಳಿಯುತ್ತದೆ ಎಂದು ಅವಳಿಗೆ ಅನ್ನಿಸಿತು.

ಭೀಖಾ ಬಂದನೇ ಎಂದು ನೀವು ಕೇಳಬಹುದು. ನನಗೆ ಗೊತ್ತಿಲ್ಲ. ಪಿನ್ನು ಆ ಡಬ್ಬದಲ್ಲಿ ಎಷ್ಟು ದಿನ ಇತ್ತು ಎಂಬುದೂ ಗೊತ್ತಿಲ್ಲ.