ಎಲುಬಿನ ಆರು ಪಿನ್ನುಗಳು

ದಾನವ್ವ ಪೊಲೀಸ್ ನೌಕರಿಯಿಂದ ನಿವೃತ್ತರಾಗಿ ಆರು ವರ್ಷ ಕಳೆದಿದ್ದರೂ ಸವಣೂರಿನ ಜನ ಕಷ್ಟ ಬಂದರೆ ಮೊದಲು ತಟ್ಟುತ್ತಿದ್ದುದು ಅವರ ಬಾಗಿಲನ್ನೇ. ಅಂದು ಬೆಳಿಗ್ಗೆ ತಟ್ಟಿದವಳು ಯಲವಿಗಿಯ ಸಮತಾ. ತೋಟದ ಎಲೆ ಕೊಡಲು ಬಂದ ನೆರೆಮನೆಯ ಗುತ್ತೆಪ್ಪ ಅಲ್ಲೇ ಕುಳಿತಿದ್ದ. ದಾನವ್ವನನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು ಎಷ್ಟೋ ಪತ್ತೆಗೆ ತಿರುಗಿದವನು ಅವನು. ಬುದ್ಧಿ ಅವರದು, ಪೆಟ್ರೋಲು ನನ್ನದು ಎನ್ನುತ್ತಿದ್ದ.

"ನಮ್ಮಣ್ಣ ಕೊಟ್ರೇಶನ್ನ ಪೊಲೀಸ್ರು ಹಿಡಕೊಂಡ ಹೋಗಿ ಮೂರು ದಿನಾ ಆತ್ರಿ ಅಕ್ಕಾರ," ಎಂದಳು ಸಮತಾ. "ವಾದ್ಯ ರಿಪೇರಿ ಮಾಡೋ ಅಲ್ಲಾಭಕ್ಷ ಚಾಚಾನ್ನ ಕೊಂದಾನಂತ. ಅಂವ ತನ್ನ ಗಿಟಾರ್ ತರಾಕ ಹೋಗಿದ್ದರಿ, ಅಷ್ಟ!"

ಕೊಟ್ರೇಶನ ಗಿಟಾರಿನಲ್ಲಿ ಎರಡು ಬದಲಾವಣೆ ಆಗಬೇಕಿತ್ತು. ತಂತಿಗಳು ಆತುಕೊಳ್ಳುವ ತೆಳು ಪಟ್ಟಿ ಸ್ಯಾಡಲ್ಲು, ತಂತಿಯ ತುದಿಯನ್ನು ಹಿಡಿದಿಡುವ ಆರು ಪಿನ್ನುಗಳು. ಪ್ಲಾಸ್ಟಿಕಿನವನ್ನು ತೆಗೆದು ಎಲುಬಿನವನ್ನು ಹಾಕಿದರೆ ನಾದ ತುಂಬಿ ಬರುತ್ತದೆ. ಕೊಲೆಯಾದ ದಿನ ಮಧ್ಯಾಹ್ನ ಒಂದು ಗಂಟೆಗೆ ಅಲ್ಲಾಭಕ್ಷ, ತಂತಿ ಬಿಚ್ಚಿದ ಗಿಟಾರಿನ ಫೋಟೊ ಕಳಿಸಿ, 'ಇನ್ನೂ ಒಂದು ತಾಸಿನ ಕೆಲಸ ಐತಿ, ನಾಲ್ಕಕ್ಕ ಬಾ' ಎಂದಿದ್ದ. ಕೊಟ್ರೇಶ ನಾಲ್ಕಕ್ಕೆ ಹೋದಾಗ ಗಿಟಾರು ಆರೂ ಹೊಸ ತಂತಿ ಬಿಗಿದುಕೊಂಡು ಮೇಜಿನ ಮೇಲಿತ್ತು. ಅಲ್ಲಾಭಕ್ಷ ನೆಲದ ಮೇಲಿದ್ದ, ಕೊರಳಲ್ಲಿ ಬಿಚ್ಚಿಟ್ಟ ಹಳೆಯ ತಂತಿ ಮಾಂಸಕ್ಕೆ ಇಳಿದಿತ್ತು.

ರಿಪೇರಿಯ ಅಂಗಡಿಯೆಂದರೆ ಅಲ್ಲಾಭಕ್ಷನ ಮನೆಯ ಮುಂದಿನ ಕೋಣೆ. ಫೌಜದಾರರು ದಾನವ್ವನ ಹಳೆಯ ಪರಿಚಯದವರಾದ್ದರಿಂದ ಬಾಗಿಲು ತೆರೆಸಿದರು. ಪಕ್ಕದ ವಾದ್ಯದ ಅಂಗಡಿಯ ಚನ್ನೇಶನೂ ಬಂದ.

"ನಾ ಎರಡರ ಬಸ್ಸಿಗೆ ಶಿಗ್ಗಾಂವಿಗೆ ಹೋಗಿದ್ದೆರಿ, ಇಲ್ಲಿ ಟಿಕೀಟ ಐತಿ," ಎಂದ. "ಪೌಣೆನಾಲ್ಕಕ್ಕ ವಾಪಸ್ ಬಂದೆ. ಅಲ್ಲಾಭಕ್ಷ ಎಲುಬು ಕೂಡಿಸೇನಿ ನೋಡಪಾ ಅಂತ ಕರದು ಒಂದು ಧಾಟಿ ನುಡಿಸಿದ. ಆಮ್ಯಾಲೆ ಒಳಗ ಹೋದಾಂವ ಕೊಟ್ರೇಶ ಒಬ್ಬನ."

"ಆ ಡಬ್ಬ್ಯಾಗ ಏನೈತಿ?" ಮೇಜಿನ ಮೇಲಿನ ಸಣ್ಣ ಡಬ್ಬಿ ತೋರಿಸಿ ಕೇಳಿದರು ದಾನವ್ವ.

"ಬಿಚ್ಚಿದ ಹಳೇ ಪ್ಲಾಸ್ಟಿಕ್ ಸ್ಯಾಡಲ್ಲು, ಪಿನ್ನರಿ."

"ಒಂದು ಕೊಡ ಇಲ್ಲೆ."

ಚನ್ನೇಶ ಡಬ್ಬಿಯ ಕೆಳಗೆ ಕಾಗದ ತೂರಿಸಿ ದೂಡಿದನೇ ಹೊರತು ಒಳಗೆ ಬೆರಳು ಹಾಕಲಿಲ್ಲ. ಗುತ್ತೆಪ್ಪನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಎಲುಬು, ತೊಗಲು ಮುಟ್ಟದ ವ್ರತದ ಚನ್ನೇಶ ತಬಲಾ ಮಾರುವುದಕ್ಕೂ ಆಳನ್ನು ಕರೆಯುತ್ತಾನೆಂದು ಊರೇ ನಗುತ್ತಿತ್ತು.

ಒಳಬಾಗಿಲ ಪರದೆಯ ಹಿಂದಿನಿಂದ ಅಲ್ಲಾಭಕ್ಷನ ಹೆಂಡತಿ ಮುಮ್ತಾಜಬೇಗಂ ಮಾತಾಡಿದರು. ಆ ದಿನ ಅವರು ದುಂಡಸಿಯಲ್ಲಿ ಮಗಳ ಮನೆಯಲ್ಲಿದ್ದರು. "ಪಕ್ಕದ ಅಂಗಡ್ಯಾಗಿನ ಎಲುಬಿನ ಸಾಮಾನು ಖೊಟ್ಟಿ, ಬರೇ ಪ್ಲಾಸ್ಟಿಕ್ ಅಂತಿದ್ರು ಅವರು. ಸೂಜಿ ಕಾಸಿ ಇಟ್ರ ಕರಗತೈತಂತ. ಅದಕ್ಕ ತಾವ ಎಲುಬು ಕೊರದು ಮಾಡಿದ್ರು."

ದಾನವ್ವ ಫೌಜದಾರರಿಗೆ ಹೇಳಿ ಸಂಜೆ ಅದೇ ಕೋಣೆಗೆ ಚನ್ನೇಶನನ್ನೂ ಕೊಟ್ರೇಶನನ್ನೂ ಕರೆಸಿದರು. ಮೂರು ದಿನಕ್ಕೆ ಅವನ ಮುಖ ಬಾಡಿಹೋಗಿತ್ತು. ಸಮತಾ ಅಣ್ಣನ ತೋಳು ಬಿಡಲಿಲ್ಲ.

ದಾನವ್ವ ದೀಪಕ್ಕೆ ಸೂಜಿ ಹಿಡಿದು ಗಿಟಾರಿನ ಸ್ಯಾಡಲ್ಲಿಗೆ ಒತ್ತಿದರು. ಅದು ಬೆಣ್ಣೆಯಂತೆ ಕರಗಿತು. ಡಬ್ಬಿಯ ಪಿನ್ನಿಗೆ ಒತ್ತಿದರು. ಅದು ಕರಗಲಿಲ್ಲ, ಕೂದಲು ಸುಟ್ಟ ವಾಸನೆ ಬಂತು.

"ಎಲುಬು ಡಬ್ಬ್ಯಾಗ ಐತಿ. ಗಿಟಾರಿನಾಗ ಇನ್ನೂ ಪ್ಲಾಸ್ಟಿಕ್ಕ," ಎಂದರು. "ಬಿಚ್ಚಿದ್ದನ್ನ ಮತ್ತ ತಿರುಗಿ ಹಾಕಿ ತಂತಿ ಬಿಗಿಯಾಂವ ಅಲ್ಲಾಭಕ್ಷ ಅಲ್ಲ. ಕೊಂದಾಂವ ಬಿಗಿದಾನ. ಯಾಕ? ಒಂದಕ್ಕ ಕಳಿಸಿದ 'ಇನ್ನೂ ಒಂದು ತಾಸಿನ ಕೆಲಸ' ಅನ್ನೂದನ್ನ ಅಲ್ಲಾಭಕ್ಷನ ಫೋನಿನಾಗ ಓದ್ಯಾನ. ಆ ಕೆಲಸ ಮುಗದಂಗ ಕಂಡ್ರ, ಎರಡರ ತನಕಾ ಅಲ್ಲಾಭಕ್ಷ ಜೀವಂತ ಇದ್ದ ಅಂತಾತು. ಎಲುಬು ಉಜ್ಜಿ ಕೂಡಸಾಕ ತಾಸು ಬೇಕು. ಹಳೇವು ತುರುಕಾಕ ಇಪ್ಪತ್ತು ಮಿನಿಟು. ಒಂದರ ಮ್ಯಾಲೆ ಕೊಂದು, ಎರಡರ ಬಸ್ ಹತ್ತಬಹುದು."

ಚನ್ನೇಶ ಬೆವರಿದ. "ಅವಸರದಾಗ ಯಾರರೆ ಮಾಡ್ಯಾರು..."

"ಕೂಡಿಸದ ಎಲುಬನ್ನ ಪೌಣೆನಾಲ್ಕಕ್ಕ ನಿನಗ ಹೆಂಗ ತೋರಿಸಿದ? ಅದು ಬಿಡು. ಡಬ್ಬ್ಯಾಗಿನವು ಪ್ಲಾಸ್ಟಿಕ್ ಅಂದಿ. ಪ್ಲಾಸ್ಟಿಕ್ ಮುಟ್ಟಾಕ ನಿನಗೇನು ಮಡಿ? ಅವು ಎಲುಬು ಅಂತ ನಿನಗ ಗೊತ್ತಿತ್ತು." ದಾನವ್ವ ಒಂದು ಪಿನ್ನನ್ನು ಅವನತ್ತ ಚಾಚಿದರು. "ಹಿಡಿ."

ಚನ್ನೇಶನ ಕೈ ತಾನಾಗಿ ಬೆನ್ನ ಹಿಂದೆ ಸರಿಯಿತು.

"ಮನಷ್ಯಾನ ಕೊರಳಿಗೆ ಕೈ ಹಾಕಿದಾಗ ನಿನ್ನ ವ್ರತ ಎಲ್ಲಿತ್ತೋ ಚನ್ನೇಶ?"

ಅವನು ಬಸ್ಸಿನ ಟಿಕೀಟನ್ನು ಮೇಜಿನ ಮೇಲಿಟ್ಟ. "ನಿನ್ನ ಅಂಗಡಿ ಮುಂದ ನಿಂತು ಸೂಜಿ ಕಾಸಿ ಎಲ್ಲಾರಿಗೂ ತೋರಸ್ತೇನಿ ಅಂದ್ನರಿ. ಇಪ್ಪತ್ತು ವರ್ಷದ ಹೆಸರು... ನಾ ಎಲುಬು ಮುಟ್ಟಾಂವಲ್ಲ, ಅದಕ್ಕ ಎಲುಬು ಅಂತ ಹೇಳಿ ಪ್ಲಾಸ್ಟಿಕ್ ಮಾರಿದ್ದೆರಿ." ಕೊಲೆ ಮಾಡಿದ ಮೇಲೂ ಅವನಿಗೆ ತನ್ನ ಮಡಿಯದೇ ಹೆಮ್ಮೆ ಎಂದು ಗುತ್ತೆಪ್ಪನಿಗೆ ಹೇಸಿಗೆಯಾಯಿತು.

ಎಷ್ಟೋ ತಿಂಗಳ ಮೇಲೆ ಗಿಟಾರೂ ಡಬ್ಬಿಯೂ ಪೊಲೀಸರಿಂದ ಮರಳಿ ಬಂದವು. ಮುಮ್ತಾಜಬೇಗಂ ಡಬ್ಬಿಯನ್ನು ಕೊಟ್ರೇಶನ ಕೈಗಿಟ್ಟರು. "ಒಪ್ಪಿಕೊಂಡ ಕೆಲಸ ಅವರು ಅರ್ಧಕ್ಕ ಬಿಟ್ಟವರಲ್ಲಪಾ. ನೀ ಮುಗಸು."

ಅದೇ ಮೇಜಿನ ಮೇಲೆ ಅವನು ಸ್ಯಾಡಲ್ಲನ್ನು ಉಜ್ಜಿ ಕೂಡಿಸಿದ, ಪಿನ್ನುಗಳನ್ನು ಒಂದೊಂದಾಗಿ ಒತ್ತಿದ. ಸರಿಯಾಗಿ ಒಂದು ತಾಸು ಹಿಡಿಯಿತು. ಕೊನೆಗೆ ದಪ್ಪ ತಂತಿಯೊಂದನ್ನು ಮೀಟಿದಾಗ ನಾದ ಕೋಣೆಯೆಲ್ಲ ತುಂಬಿ ನಿಂತಿತು. ದಫನಿನ ದಿನವೂ ಅಳದಿದ್ದ ಮುಮ್ತಾಜಬೇಗಂ ಆಗ ಗೋಡೆಗೆ ತಲೆಯಿಟ್ಟು ಗಟ್ಟಿಯಾಗಿ ಅತ್ತರು. ಕೊಟ್ರೇಶ ಎರಡನೆಯ ತಂತಿ ಮುಟ್ಟಲಿಲ್ಲ.