ಯಾರೂ ನೋಡದ ಸಾಲು

ರ‍್ಯಾಕ್ ನನ್ನ ಕಡೆಗೇ ಬರುತ್ತಿತ್ತು!

ಆಳೆತ್ತರದ ಉಕ್ಕಿನ ರ‍್ಯಾಕು. ನೆಲದ ಹಳಿಗಳ ಮೇಲೆ ಉರುಳಿ ಬರುತ್ತಿದೆ. ಬೆನ್ನಿಗೆ ಇನ್ನೊಂದು. ನಡುವೆ ನಾನು... ಕೈಯಲ್ಲಿ ಅಂಗೈಯಗಲದ ಚಿನ್ನದ ದೋಣಿ.

ಮ್ಯೂಸಿಯಂನ ಉಗ್ರಾಣದಲ್ಲಿ ಜಾಗ ಉಳಿಸಲು ಇಂಥ ರ‍್ಯಾಕುಗಳಿರುತ್ತವೆ. ಹೊರಗೆ ನಿಂತು ಚಕ್ರ ತಿರುಗಿಸಿದರೆ ಸಾಕು, ಎರಡು ಸಾಲು ಕೂಡಿಕೊಳ್ಳುತ್ತವೆ. ಯಾರೋ ತಿರುಗಿಸುತ್ತಿದ್ದರು. ಆರಾಮಾಗಿ!

"ಯಾರದು?" ಕೂಗಿದೆ.

ಚಕ್ರದ ಕಿರ್ರೆನ್ನುವ ಸದ್ದು ಇನ್ನೂ ಜೋರಾಯಿತು.

ಇಲ್ಲಿಗೆ ಬಂದದ್ದು ಹೇಗೆ ಅಂತ ಹೇಳಿಬಿಡುತ್ತೇನೆ, ಕೇಳಿ. ನಾನು ಖಾಸಗಿ ಪತ್ತೇದಾರ. ಮೇಲೆ ಡೈರೆಕ್ಟರ್ ಮೇಡಂ ರೂಮಿನಲ್ಲಿ ನನ್ನ ತಂಗಿಯನ್ನು ಕೂರಿಸಿಕೊಂಡಿದ್ದರು. ಪೊಲೀಸರು ದಾರಿಯಲ್ಲಿದ್ದರು. ತಂಗಿಯ ಕೆಲಸ ಹಳೆಯ ವಸ್ತುಗಳನ್ನು ಶುಚಿ ಮಾಡಿ ಕಾಪಾಡುವುದು. ಗಾಜಿನ ಪೆಟ್ಟಿಗೆಯಲ್ಲಿರುವ ಚಿನ್ನದ ದೋಣಿ ತ್ರೀಡಿ ಪ್ರಿಂಟರ್ ಹೆತ್ತ ನಕಲು ಅಂತ ಮೊದಲು ಹೇಳಿದವಳು ಅವಳೇ. ಕಳ್ಳಿ ಅನ್ನಿಸಿಕೊಂಡವಳೂ ಅವಳೇ!

ಹಾಗೆಂದದ್ದು ಮಷೀನು. ಗೋಡೆಗೊಂದು ಕ್ಯಾಮೆರಾ. ಯಾರು ಎಲ್ಲಿ ನಿಂತರು, ಯಾವುದನ್ನು ಎಷ್ಟು ಹೊತ್ತು ನೋಡಿದರು... ಎಲ್ಲ ಡೇಟಾ! ಜನ ನೋಡಿದ ವಸ್ತು ಮೇಲೆ ಉಳಿಯುತ್ತದೆ, ನೋಡದ್ದು ಉಗ್ರಾಣ ಸೇರುತ್ತದೆ. ಮುಂದಿನ ಕಾಲದ ಮ್ಯೂಸಿಯಂ ಇದೇ ಅಂತೆ. 'ಈಕೆ ದಿನಾ ಬಂದು ದೋಣಿಯನ್ನೇ ದಿಟ್ಟಿಸಿದ್ದಾಳೆ' ಅಂದಿತು ಮಷೀನು. ತೀರ್ಪು ಮುಗಿಯಿತು.

"ಅನುಮಾನ ಬಂದಿದ್ದಕ್ಕೇ ನೋಡ್ತಿದ್ದೆ ಕಣೋ ಅಣ್ಣಾ!" ಅಂದಳು ತಂಗಿ.

"ಈ ಮಷೀನು ಸಿಬ್ಬಂದಿನ ಲೆಕ್ಕಕ್ಕೇ ಹಿಡಿಯಲ್ಲ ಅಂತಾರಲ್ಲೇ?"

"ಬ್ಯಾಡ್ಜ್ ಹಾಕಿದೋರನ್ನ ಚಿತ್ರದಿಂದ್ಲೇ ಅಳಿಸಿಬಿಡುತ್ತೆ. ಪ್ರೇಕ್ಷಕರ ಅಂಕಿ ಕೆಡಬಾರದು ಅಂತ. ಆದ್ರೆ ನಾವು ಬ್ಯಾಡ್ಜ್, ಉಂಗುರ, ವಾಚು ಎಲ್ಲಾ ಬಿಚ್ಚಿಟ್ಟೇ ಕೆಲಸಕ್ಕೆ ಹೋಗೋದು. ತಗುಲಿದ್ರೆ ವಸ್ತುಗಳಿಗೆ ಗೀರು ಬೀಳುತ್ತೆ."

ನನ್ನ ಕಿವಿ ನೆಟ್ಟಗಾಯಿತು! ಬ್ಯಾಡ್ಜ್ ಇಲ್ಲದವಳು ಕಳ್ಳಿ. ಬ್ಯಾಡ್ಜ್ ಇದ್ದವನು... ಇಲ್ಲವೇ ಇಲ್ಲ!

ಮಷೀನಿನ ಸ್ಕ್ರೀನ್ ನೋಡಿದೆ. ಜನ ನಡೆದ ದಾರಿಯೆಲ್ಲ ಗೆರೆ ಗೆರೆಯಾಗಿ ಕಾಣುತ್ತಿತ್ತು. ಒಂದು ಮಧ್ಯಾಹ್ನ ಮಾತ್ರ ದೋಣಿಯ ಪೆಟ್ಟಿಗೆಯ ಮುಂದೆ ಆ ಗೆರೆಗಳು ಬಾಗಿದ್ದವು. ಖಾಲಿ ನೆಲವನ್ನು ಯಾರಾದರೂ ಸುತ್ತಿ ಹೋಗುತ್ತಾರೆಯೇ? ಅಲ್ಲಿ ಬ್ಯಾಡ್ಜ್ ಹಾಕಿದ ಒಬ್ಬ ನಿಂತಿದ್ದ.

"ಇಲ್ಲಿ ಯಾಕೆ ಬಾಗಿದೆ ಸಾರ್?" ಅಂತ ಕೇಳಿದೆ.

ಕೇಳಿದ್ದು ಆ ಮಷೀನನ್ನು ಸಾಕಿದವನನ್ನು. ಎಲ್ಲರೂ ಅವನನ್ನು ಗ್ರಾಫ್ ಅನ್ನುತ್ತಾರೆ. ಗ್ರಾಫ್ ನಕ್ಕ. ಏಸಿ ರೂಮಿನಲ್ಲಿ ಹಣೆ ಒರೆಸಿಕೊಂಡ! ಕಳ್ಳನ ಮನಸ್ಸು ಹುಳ್ಳಹುಳ್ಳಗೆ.

ಜನರ ನೋಟ ಎಣಿಸುವವನು ಕದ್ದ ಮಾಲನ್ನು ಎಲ್ಲಿಡುತ್ತಾನೆ? ಯಾರೂ ನೋಡುವುದಿಲ್ಲ ಅಂತ ಅವನ ಮಷೀನೇ ಹೇಳಿದ ಕಡೆ! ನೇರ ಉಗ್ರಾಣಕ್ಕಿಳಿದೆ. ಸೊನ್ನೆ ಅಂಕ ಬಿದ್ದ ವಸ್ತುಗಳ ಕೊನೇ ಸಾಲು. ಒಡೆದ ಹೂಜಿಯೊಳಗೆ ದೋಣಿ ಸಿಕ್ಕಿತು. ಅಷ್ಟರಲ್ಲೇ ಚಕ್ರ ತಿರುಗಿದ್ದು.

ಉಕ್ಕು ಎದೆಗೆ ತಾಗಿತು. ಕೆಳಗೊಂದು ಕಲ್ಲಿನ ಆಮೆ ಇತ್ತು. ಕಾಲಲ್ಲೇ ಎಳೆದು ಹಳಿಗೆ ತಳ್ಳಿದೆ.

ಧಡ್! ರ‍್ಯಾಕ್ ನಿಂತಿತು.

ಅಡ್ಡಡ್ಡಲಾಗಿ ತೂರಿ ಹೊರಬಿದ್ದೆ. ಚಕ್ರ ಹಿಡಿದು ನಿಂತವನು... ಗ್ರಾಫ್!

"ಕದ್ದೋನು ನೀನೇ ಅಲ್ವೇನೋ?"

"ನಾನೇ." ಅವನಿಗೆ ಗಾಬರಿಯೇ ಇಲ್ಲ. "ಆದ್ರೆ ಡೇಟಾದಲ್ಲಿ ನಾನೆಲ್ಲಿದ್ದೀನಿ, ತೋರ್ಸಿ ನೋಡೋಣ? ದೋಣಿ ನಿಮ್ಮ ಕೈಲಿದೆ. ತಂಗಿ ಕದ್ದಳು, ಅಣ್ಣ ಸಾಗಿಸ್ತಿದ್ದ. ಕತೆ ಮುಗೀತು!"

"ಇನ್ನೂ ಮುಗಿದಿಲ್ಲ" ಅಂದಿತು ಹಿಂದಿನಿಂದ ಒಂದು ದನಿ.

ಡೈರೆಕ್ಟರ್ ಮೇಡಂ! ಕೈಯಲ್ಲಿ ಮಷೀನಿನ ಚಿತ್ರ ಬರುವ ಟ್ಯಾಬ್. ಪಕ್ಕದಲ್ಲಿ ತಂಗಿಯ ರಟ್ಟೆ ಹಿಡಿದ ಗಾರ್ಡ್. ನನಗೆ ಬ್ಯಾಡ್ಜ್ ಇಲ್ಲವಲ್ಲ... ಯಾರೂ ನೋಡದ ಸಾಲಿಗೆ ಪ್ರೇಕ್ಷಕ ಬಂದಿದ್ದಾನೆ ಅಂತ ಮಷೀನೇ ಅವರಿಗೆ ಅಲಾರಂ ಕೊಟ್ಟಿತ್ತು. ಬಂದದ್ದು ನನ್ನನ್ನು ಹಿಡಿಯಲು, ಕೇಳಿಸಿಕೊಂಡದ್ದು ಗ್ರಾಫ್ ಮಾತು!

ಗಾರ್ಡ್ ತಂಗಿಯ ಕೈ ಬಿಟ್ಟ. ದೋಣಿಯನ್ನು ಅವಳ ಅಂಗೈಯಲ್ಲಿಟ್ಟೆ. ತಿರುಗಿಸಿ ನೋಡಿದಳು. "ಇದೇ ಕಣೋ..." ಅಂದವಳೇ ಅತ್ತುಬಿಟ್ಟಳು.

ಗ್ರಾಫ್ ಮಾತ್ರ ಜಗ್ಗಲಿಲ್ಲ. "ಕಿವೀಲಿ ಕೇಳಿದ್ದು ಪುರಾವೆ ಅಲ್ಲ ಮೇಡಂ! ಸ್ಕ್ರೀನ್‌ನಲ್ಲಿ ಇಲ್ಲದ್ದು ನಡೆದೇ ಇಲ್ಲ. ನೀವೇ ಮೀಟಿಂಗ್‌ನಲ್ಲಿ ಹೇಳ್ತೀರಲ್ಲ?"

ಮೇಡಂ ತಲೆ ತಗ್ಗಿಸಿದರು.

ನಾನು ಅವನ ಕೊರಳಿನ ಬ್ಯಾಡ್ಜ್ ಕಿತ್ತೆ. ನನ್ನ ಕೊರಳಿಗೆ ಹಾಕಿಕೊಂಡೆ. ಆಮೇಲೆ ಕೈ ಬೀಸಿ ಕೆನ್ನೆಗೊಂದು ಬಿಟ್ಟೆ... ಗ್ರಾಫ್ ನೆಲಕ್ಕುರುಳಿದ!

"ಹೊಡೆದ! ಮೇಡಂ, ಇವನು ನನ್ನ ಹೊಡೆದ!"

ಮೇಡಂ ಟ್ಯಾಬ್ ನೋಡಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು.

"ಯಾರ್ರೀ ಹೊಡೆದಿದ್ದು? ಇಲ್ಲಿ ನೀವೇ ಬಿದ್ದಿದ್ದೀರಿ."